ಸೊಳ್ಳೆ ಪರದೆ ಅರುಷಾದ್ದೋ, ಕರೂರಿನದ್ದೋ?

ಪ್ರಶ್ನೆ: ನಮಸ್ಕಾರ. ನಾನು ಪುತ್ತೂರಿನವನು. ಗೇರುಬೀಜದ ವ್ಯಾಪಾರಕ್ಕಾಗಿ ತಾಂಜಾನಿಯಾದ ಮ್ಟ್ವಾರಾದಲ್ಲಿದ್ದೇನೆ. ಇಲ್ಲಿಂದ ಮಂಗಳೂರಿನ ಕಾರ್ಖಾನೆಗಳಿಗೆ ಬೀಜ ಕಳಿಸುತ್ತೇವೆ. ನಮ್ಮ ಗೋದಾಮಿನ ಆಸುಪಾಸಿನ ಮೂರು ಹಳ್ಳಿಗಳಲ್ಲಿ ಮಳೆ ಹಿಡಿಯಿತೆಂದರೆ ಮನೆಮನೆಯ ಮಕ್ಕಳಿಗೂ ಮಲೇರಿಯಾ. ಹೋದ ಮಳೆಗಾಲದಲ್ಲಿ ನಮ್ಮ ಹಮಾಲಿಯೊಬ್ಬರ ಎರಡು ವರ್ಷದ ಮಗಳು ಅದರಿಂದಲೇ ತೀರಿಕೊಂಡಳು. ಇಲ್ಲಿರುವ ಕೆಲವು ಕನ್ನಡ ಮತ್ತು ಗುಜರಾತಿ ಕುಟುಂಬಗಳು ಸೇರಿ ಪರದೆ ಹಂಚಲು ಹಣ ಕೂಡಿಸುತ್ತಿದ್ದೇವೆ. ಮೂರೂ ಹಳ್ಳಿ ಸೇರಿ 5,400 ಜನ. ಒಬ್ಬರು ಹೇಳುತ್ತಾರೆ, ತಮಿಳುನಾಡಿನ ಕರೂರಿನಿಂದ ತರಿಸಿದರೆ ಅಗ್ಗ ಅಂತ. ಇನ್ನೊಬ್ಬರು ಇಲ್ಲಿನದೇ ಆದ ಅರುಷಾದ ಕಾರ್ಖಾನೆಯಿಂದ ಕೊಳ್ಳೋಣ ಅನ್ನುತ್ತಾರೆ. ನನ್ನ ಹೆಂಡತಿಗೆ ಹಳ್ಳಿಯ ಹೆಂಗಸರ ಕೈಯಲ್ಲೇ ಹೊಲಿಸಿದರೆ ಅವರಿಗೂ ನಾಲ್ಕು ಕಾಸು ಸಿಗುತ್ತದೆ ಅನ್ನುವ ಆಸೆ. ಈ ನಡುವೆ ಪುಕ್ಕಟೆ ಪರದೆ ಹಂಚಿ ಆಫ್ರಿಕಾದ ಕಾರ್ಖಾನೆಗಳನ್ನೇ ಮುಚ್ಚಿಸಿದರು ಅಂತ ಎಲ್ಲೋ ಓದಿದೆ. ಸ್ಥಳೀಯ ಮಾಲು ಎರಡನೇ ದರ್ಜೆಯದು ಅನ್ನುವವರೂ ಇದ್ದಾರೆ. ಯಾವ ದಾರಿ ಹಿಡಿಯಬೇಕು?

ಉತ್ತರ: ಆ ಮಗುವಿನ ಸುದ್ದಿ ಓದಿ ತುಂಬ ಸಂಕಟವಾಯಿತು. 2023ರಲ್ಲಿ ಜಗತ್ತಿನಲ್ಲಿ ಮಲೇರಿಯಾದಿಂದ ಸತ್ತವರು ಸುಮಾರು 5.97 ಲಕ್ಷ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದರಲ್ಲಿ ನೂರಕ್ಕೆ 95 ಸಾವು ಆಫ್ರಿಕಾದಲ್ಲಿ. ಅಲ್ಲಿ ಸತ್ತ ನಾಲ್ವರಲ್ಲಿ ಮೂವರು ಐದು ವರ್ಷದೊಳಗಿನ ಮಕ್ಕಳು. ನೀವು ಹಣ ಕೂಡಿಸುತ್ತಿರುವುದು ಸರಿಯಾದ ಕೆಲಸಕ್ಕೇ. 2000ದಿಂದ 2015ರ ನಡುವೆ ಆಫ್ರಿಕಾದಲ್ಲಿ ತಪ್ಪಿಸಲಾದ ಮಲೇರಿಯಾ ಪ್ರಕರಣಗಳಲ್ಲಿ ಮೂರನೇ ಎರಡು ಪಾಲು ತಪ್ಪಿದ್ದು ಸೊಳ್ಳೆ ಕೊಲ್ಲುವ ಔಷಧಿ ಹಾಕಿದ ಪರದೆಗಳಿಂದ.

ನಿಮ್ಮ ಪತ್ರದಲ್ಲಿ ಎರಡು ಚಿಂತೆ ಒಂದಕ್ಕೊಂದು ಹೆಣೆದುಕೊಂಡಿವೆ. ಮಕ್ಕಳನ್ನು ನಿಜಕ್ಕೂ ಕಾಯುವ ಪರದೆ ಯಾವುದು? ನಮ್ಮ ದುಡ್ಡು ಆ ದೇಶದ ಜನರಿಗೆ ಕೆಲಸ ಕೊಡುತ್ತದೋ, ಇರುವ ಕೆಲಸ ಕಸಿಯುತ್ತದೋ? ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಉತ್ತರವನ್ನು ಈ ಕ್ರಮದಲ್ಲೇ ಹುಡುಕಬೇಕು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಹಳ್ಳಿಯ ಸೊಳ್ಳೆಗೆ ಬೇಕಾದ ಔಷಧಿಯ ಪರದೆ ಅರುಷಾದಲ್ಲಿ ಸಿಕ್ಕರೆ ಅಲ್ಲಿಂದಲೇ ಕೊಳ್ಳಿ, ಒಂದಿಷ್ಟು ದುಡ್ಡು ಜಾಸ್ತಿಯಾದರೂ ಸರಿ. ಸಿಗದಿದ್ದರೆ ಎಲ್ಲಿ ಸಿಗುತ್ತದೋ ಅಲ್ಲಿಂದ ತರಿಸಿ. ಹಳ್ಳಿಯಲ್ಲೇ ಪರದೆ ಹೊಲಿಸುವ ಯೋಚನೆ ಬಿಡಿ. ಹೊಲಿಯುವ ಆ ಕೈಗಳಿಗೆ ಬೇರೆ ಒಳ್ಳೆಯ ಕೆಲಸವಿದೆ.

ಪುಕ್ಕಟೆ ಪರದೆಯಿಂದ ಕಾರ್ಖಾನೆ ಮುಚ್ಚಿತು ಅನ್ನುವ ಕಥೆ ನನಗೂ ಮತ್ತೆ ಮತ್ತೆ ಬರುತ್ತದೆ. ಒಬ್ಬ ಸಣ್ಣ ತಯಾರಕ, ಹತ್ತು ಜನ ಕೆಲಸಗಾರರು, ವಾರಕ್ಕೆ 500 ಪರದೆ. ಹೊರಗಿನಿಂದ ಯಾರೋ ಖ್ಯಾತನಾಮರು ಲಕ್ಷ ಪರದೆ ಕಳಿಸುತ್ತಾರೆ, ಅವನ ವ್ಯಾಪಾರ ಮುಗಿಯುತ್ತದೆ. ಕೇಳಿದರೆ ಕರುಳು ಚುರ್ ಅನ್ನುತ್ತದೆ. ಆದರೆ ಇದು ವಿದೇಶಿ ನೆರವನ್ನು ಟೀಕಿಸುವ ವಾದಕ್ಕಾಗಿ ಕಟ್ಟಿದ ಉದಾಹರಣೆ. ಇಂಥ ಊರಿನಲ್ಲಿ, ಇಂಥ ವರ್ಷ ನಡೆದ ಘಟನೆಯ ವರದಿಯಲ್ಲ. ನೀವಿರುವ ತಾಂಜಾನಿಯಾದಲ್ಲೇ ನಡೆದ ನಿಜ ಸಂಗತಿ ಇದಕ್ಕಿಂತ ಸಿಕ್ಕುಸಿಕ್ಕಾಗಿದೆ. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ನಿಮ್ಮ ತೀರ್ಮಾನಕ್ಕೆ ಅದೇ ಆಧಾರ.

ಇಪ್ಪತ್ತು ಚಿಲ್ಲರೆ ವರ್ಷಗಳ ಹಿಂದೆ ತಾಂಜಾನಿಯಾದಲ್ಲಿ ಪರದೆ ಮಾಡುವ ಜವಳಿ ಕಂಪನಿಗಳು ಕೆಲವಿದ್ದವು. ಅಂಗಡಿಗಳಲ್ಲಿ ಪರದೆ ಮಾರಾಟವಾಗುತ್ತಿತ್ತು. 2004ರಲ್ಲಿ ಸರ್ಕಾರ ಗರ್ಭಿಣಿಯರಿಗೆ ರಿಯಾಯಿತಿ ಚೀಟಿ ಕೊಡಲು ಶುರುಮಾಡಿತು. ಅದಕ್ಕೆ ಹಾತಿ ಪುಂಗುಜೊ ಅನ್ನುತ್ತಿದ್ದರು. ಆಸ್ಪತ್ರೆಯಲ್ಲಿ ಚೀಟಿ ಪಡೆದು, ಅಂಗಡಿಯಲ್ಲಿ ಸ್ವಲ್ಪ ಹಣ ಸೇರಿಸಿ ಪರದೆ ಕೊಳ್ಳಬೇಕು. ಇದರಿಂದ ಸ್ಥಳೀಯ ತಯಾರಕರಿಗೂ ಅಂಗಡಿಯವರಿಗೂ ವ್ಯಾಪಾರವಾಯಿತು.

ಅದೇ ಹೊತ್ತಿಗೆ ಅರುಷಾದಲ್ಲಿ ದೊಡ್ಡ ಬದಲಾವಣೆಯೊಂದು ನಡೆದಿತ್ತು. ಭಾರತ ಮೂಲದ ಕುಟುಂಬವೊಂದು ನಡೆಸುವ ಎ ಟು ಝಡ್ ಟೆಕ್ಸ್‌ಟೈಲ್ ಮಿಲ್ಸ್‌ಗೆ ಜಪಾನಿನ ಸುಮಿಟೊಮೊ ಕೆಮಿಕಲ್ ತನ್ನ ಓಲಿಸೆಟ್ ಪರದೆಯ ತಂತ್ರಜ್ಞಾನವನ್ನು ರಾಯಲ್ಟಿ ಇಲ್ಲದೆ ಕೊಟ್ಟಿತು. 2003ರಲ್ಲಿ ತಯಾರಿಕೆ ಶುರುವಾಯಿತು. ಮುಂದೆ ಎರಡೂ ಕಂಪನಿ ಸೇರಿ ಜಂಟಿ ಕಾರ್ಖಾನೆಯನ್ನೂ ಕಟ್ಟಿದವು. 2010ರ ಹೊತ್ತಿಗೆ ಅರುಷಾದಲ್ಲಿ ವರ್ಷಕ್ಕೆ ಸುಮಾರು 3 ಕೋಟಿ ಪರದೆ ಮಾಡುವ ಸಾಮರ್ಥ್ಯವಿತ್ತು. 7,000ದಷ್ಟು ಜನರಿಗೆ ಕೆಲಸ, ಅದರಲ್ಲಿ ಹೆಂಗಸರೇ ಹೆಚ್ಚು. 2009ರಿಂದ 2011ರವರೆಗೆ ಸರ್ಕಾರ ದೇಶದ ತುಂಬ ಪುಕ್ಕಟೆ ಪರದೆ ಹಂಚಿತಲ್ಲ, ಅದರಲ್ಲಿ ದೊಡ್ಡ ಪಾಲು ಅರುಷಾದ ಓಲಿಸೆಟ್‌ಗಳೇ.

ಅಂದರೆ ಏನಾಯಿತು ನೋಡಿ. ಅಂತರರಾಷ್ಟ್ರೀಯ ನೆರವಿನ ದುಡ್ಡಿನಲ್ಲಿ ಪುಕ್ಕಟೆ ಹಂಚಿದ ಪರದೆಯೇ ಒಂದು ಆಫ್ರಿಕನ್ ಕಾರ್ಖಾನೆಯನ್ನು ಬೆಳೆಸಿತು. ಅದೇ ಹಂಚಿಕೆ ಅಂಗಡಿ ವ್ಯಾಪಾರವನ್ನು ಒಣಗಿಸಿತು. ದೀರ್ಘಕಾಲ ಬಾಳುವ ಔಷಧಿ ಪರದೆಯ ತಂತ್ರಜ್ಞಾನ ಸಿಗದ ಸಣ್ಣ ತಯಾರಕರು ಹಿಂದೆ ಬಿದ್ದರು. ಆದ್ದರಿಂದ ಪುಕ್ಕಟೆ ಹಂಚಿಕೆ ಕೈಗಾರಿಕೆಯನ್ನು ಕೊಂದಿತು ಅಂತಲೂ ಹೇಳಲಾಗದು, ಏನೂ ಮಾಡಲಿಲ್ಲ ಅಂತಲೂ ಹೇಳಲಾಗದು. ಯಾರಿಂದ ಕೊಂಡರು ಅನ್ನುವುದರ ಮೇಲೆ ಎಲ್ಲ ನಿಂತಿತ್ತು.

ಹಾಗಾದರೆ ಹಳ್ಳಿಯವರಿಗೆ ಬೆಲೆ ಇಟ್ಟು ಮಾರಿ ಸ್ಥಳೀಯ ವ್ಯಾಪಾರ ಉಳಿಸಬಹುದಲ್ವಾ ಅಂತ ನಿಮ್ಮ ಬಳಗದಲ್ಲಿ ಯಾರಾದರೂ ಕೇಳಬಹುದು. ಬೇಡ. ಪಶ್ಚಿಮ ಕೀನ್ಯಾದ ಗರ್ಭಿಣಿಯರ ಕ್ಲಿನಿಕ್‌ಗಳಲ್ಲಿ ಇದನ್ನು ಪ್ರಯೋಗ ಮಾಡಿಯೇ ನೋಡಿದ್ದಾರೆ. ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಪುಕ್ಕಟೆ ಇದ್ದಾಗ ಹೆಚ್ಚುಕಡಿಮೆ ಎಲ್ಲರೂ ಒಯ್ಯುತ್ತಿದ್ದರು. ಬರೀ 60 ಸೆಂಟ್ ಬೆಲೆ ಇಟ್ಟಾಗ ನೂರರಲ್ಲಿ ಅರವತ್ತು ಜನ ಕಡಿಮೆಯಾದರು. ಪುಕ್ಕಟೆ ಪಡೆದವರು ಬಳಸದೆ ಬಿಡುತ್ತಾರೆ ಅನ್ನುವ ಅನುಮಾನವೂ ಸುಳ್ಳಾಯಿತು. ದುಡ್ಡು ಕೊಟ್ಟವರಷ್ಟೇ ಅವರೂ ಬಳಸಿದರು. ನೀವು ಕೊಳ್ಳುವಾಗ ಕಾರ್ಖಾನೆಗೆ ಸರಿಯಾದ ಬೆಲೆ ಕೊಡಿ, ಹಳ್ಳಿಯಲ್ಲಿ ಪುಕ್ಕಟೆ ಹಂಚಿ.

ಈಗ ಎರಡನೇ ದರ್ಜೆಯ ಮಾತು. ಕಾರ್ಖಾನೆ ಯಾವ ಖಂಡದಲ್ಲಿದೆ ಅನ್ನುವುದರಿಂದ ಪರದೆಯ ಗುಣಮಟ್ಟ ಗೊತ್ತಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪೂರ್ವ ಅರ್ಹತೆ ಪಟ್ಟಿ ಅಂತ ಒಂದಿದೆ. 2017ರಿಂದ ಪರದೆಗಳೂ ಅದರ ಅಡಿ ಬರುತ್ತವೆ. ಬಟ್ಟೆಯ ಗಟ್ಟಿತನ, ಔಷಧಿಯ ಪ್ರಮಾಣ, 20 ಸಲ ಒಗೆದ ಮೇಲೂ ಸೊಳ್ಳೆ ಸಾಯುತ್ತದೋ ಇಲ್ಲವೋ, ಎಲ್ಲ ನೋಡಿ ಪಟ್ಟಿಗೆ ಸೇರಿಸುತ್ತಾರೆ. ಅರುಷಾದ ಓಲಿಸೆಟ್ ಆಗಲಿ, ಎ ಟು ಝಡ್‌ನ ಸ್ವಂತ ಹೆಸರಿನ ಮಿರಾನೆಟ್ ಆಗಲಿ, ಪರೀಕ್ಷೆಗೆ ನಿಂತದ್ದು ಜಪಾನ್, ಚೀನಾ, ಭಾರತದ ಪರದೆಗಳು ನಿಂತ ಅದೇ ಸಾಲಿನಲ್ಲಿ. ಹೊರಗಿನದು ಅಂದ ಮಾತ್ರಕ್ಕೆ ನಂಬುವುದೂ ಅಪಾಯವೇ. ಪಪುವಾ ನ್ಯೂಗಿನಿಗೆ ವರ್ಷಗಟ್ಟಲೆ ಹೋದ ಹೆಸರಾಂತ ಪರದೆಯೊಂದರಲ್ಲಿ 2013ರ ನಂತರ ತಯಾರಾದವು ಸೊಳ್ಳೆ ಕೊಲ್ಲುವ ಶಕ್ತಿಯಲ್ಲಿ ತೀರ ಹಿಂದಿವೆ ಅಂತ 2020ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಹಾಗಾಗಿ ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು. ನಿಮಗೆ ಬರುವ ಆ ಬ್ಯಾಚಿನ ಪರೀಕ್ಷಾ ವರದಿಯನ್ನೂ ಕೇಳಿ. ಕೊಡಲು ಹಿಂದೆಮುಂದೆ ನೋಡುವವರಿಂದ ಕೊಳ್ಳಬೇಡಿ. ಈ ಮಾತು ಅರುಷಾಕ್ಕೂ ಕರೂರಿಗೂ ಒಂದೇ.

ಎಲ್ಲಕ್ಕಿಂತ ಮುಖ್ಯ ವಿಷಯಕ್ಕೆ ಬರುತ್ತೇನೆ, ಔಷಧಿ. ನಿಮ್ಮ ಪತ್ರದಲ್ಲಿ ಇದರ ಮಾತೇ ಇಲ್ಲ. ಪರದೆ ಕೊಳ್ಳುವವರು ಸಾಮಾನ್ಯವಾಗಿ ಬೆಲೆ, ಅಳತೆ, ಬಣ್ಣ ಕೇಳುತ್ತಾರೆ. ಔಷಧಿ ಕೇಳುವುದಿಲ್ಲ.

ಬಹಳ ಕಾಲ ಎಲ್ಲ ಪರದೆಗಳಲ್ಲೂ ಇದ್ದದ್ದು ಪೈರೆಥ್ರಾಯ್ಡ್ ಎಂಬ ಒಂದೇ ಗುಂಪಿನ ಕೀಟನಾಶಕ. ಸೊಳ್ಳೆಯ ನರಕ್ಕೆ ಹೊಡೆಯುತ್ತದೆ, ಮನುಷ್ಯರಿಗೆ ಅಪಾಯ ಕಡಿಮೆ. ಒಂದೇ ಔಷಧಿಯನ್ನು ಖಂಡದ ತುಂಬ ಕೋಟಿಗಟ್ಟಲೆ ಪರದೆಗಳಲ್ಲಿ ಬಳಸಿದ್ದರಿಂದ, ಹೊಲಗಳಲ್ಲೂ ಅದೇ ಗುಂಪಿನದನ್ನು ಸಿಂಪಡಿಸಿದ್ದರಿಂದ, ಸೊಳ್ಳೆಗಳು ಅದನ್ನು ಜೀರ್ಣಿಸಿಕೊಳ್ಳಲು ಕಲಿತವು. ತಾಂಜಾನಿಯಾದ ಸೊಳ್ಳೆಗಳೂ ಇದಕ್ಕೆ ಹೊರತಲ್ಲ. ಇದಕ್ಕೆ ಎರಡು ಮದ್ದು ಬಂದಿವೆ. ಒಂದು, ಪಿಬಿಒ ಸೇರಿಸಿದ ಪರದೆ. ಪಿಬಿಒ ತಾನಾಗಿ ಸೊಳ್ಳೆ ಕೊಲ್ಲುವುದಿಲ್ಲ. ವಿಷವನ್ನು ಅರಗಿಸುವ ಸೊಳ್ಳೆಯ ಕಿಣ್ವವನ್ನು ತಡೆಯುತ್ತದೆ, ಆಗ ಹಳೆಯ ಔಷಧಿಯೇ ಮತ್ತೆ ಕೆಲಸ ಮಾಡುತ್ತದೆ. ಇನ್ನೊಂದು, ಪೈರೆಥ್ರಾಯ್ಡ್ ಜೊತೆಗೆ ಕ್ಲೋರ್‌ಫೆನಾಪಿರ್ ಇರುವ ಜೋಡಿ ಔಷಧಿಯ ಪರದೆ. ಕ್ಲೋರ್‌ಫೆನಾಪಿರ್ ನರದ ತಂಟೆಗೆ ಹೋಗದೆ ಸೊಳ್ಳೆಯ ಮೈಯಲ್ಲಿ ಶಕ್ತಿ ತಯಾರಾಗುವುದನ್ನೇ ನಿಲ್ಲಿಸುತ್ತದೆ. ಒಂದೆರಡು ದಿನ ತಡವಾಗಿ ಸಾಯುತ್ತದೆ, ಆದರೆ ಸಾಯುತ್ತದೆ.

ಇದರ ದೊಡ್ಡ ಪರೀಕ್ಷೆ ನಡೆದಿದ್ದು ತಾಂಜಾನಿಯಾದಲ್ಲೇ, ವಿಕ್ಟೋರಿಯಾ ಸರೋವರದ ಕಡೆಯ ಮಿಸುಂಗ್ವಿ ಜಿಲ್ಲೆಯಲ್ಲಿ. 2022ರಲ್ಲಿ ಫಲಿತಾಂಶ ಬಂತು. ಬರೀ ಪೈರೆಥ್ರಾಯ್ಡ್ ಪರದೆ ಬಳಸಿದ ಮಕ್ಕಳಿಗೆ ಹೋಲಿಸಿದರೆ ಕ್ಲೋರ್‌ಫೆನಾಪಿರ್ ಪರದೆಯ ಮಕ್ಕಳಲ್ಲಿ ಎರಡು ವರ್ಷದ ಅವಧಿಯಲ್ಲಿ ಮಲೇರಿಯಾ ಶೇ 44ರಷ್ಟು ಕಡಿಮೆ. ಪಿಬಿಒ ಪರದೆ ಮೊದಲ ವರ್ಷ ಚೆನ್ನಾಗಿ ಕೆಲಸ ಮಾಡಿ ಆಮೇಲೆ ಸೋತಿತು. 2023ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕ್ಲೋರ್‌ಫೆನಾಪಿರ್ ಪರದೆಗಳನ್ನು ಬಲವಾಗಿ ಶಿಫಾರಸು ಮಾಡಿತು.

ಬೆಲೆಯ ವ್ಯತ್ಯಾಸ ಎಷ್ಟು? 2023ರ ಸುಮಾರಿನಲ್ಲಿ ದೊಡ್ಡ ಖರೀದಿಯಲ್ಲಿ ಬರೀ ಪೈರೆಥ್ರಾಯ್ಡ್ ಪರದೆ ಸುಮಾರು 2 ಡಾಲರ್, ಜೋಡಿ ಔಷಧಿಯದು 3 ಡಾಲರ್ ಆಸುಪಾಸು ಇತ್ತು. ನಿಮ್ಮ ಸಣ್ಣ ಆರ್ಡರಿಗೆ ಎರಡೂ ಸ್ವಲ್ಪ ಜಾಸ್ತಿಯೇ ಆಗುತ್ತವೆ. ಒಂದು ಪರದೆಗೆ ಒಂದು ಡಾಲರ್ ಉಳಿಸಲು ಹೋಗಿ ಸೊಳ್ಳೆ ಹೆದರದ ಪರದೆ ಕೊಟ್ಟರೆ ಏನು ಬಂತು? ಹಣ ಸಾಲದಿದ್ದರೆ ಎರಡು ಹಳ್ಳಿಗೆ ಮಾತ್ರ ಕೊಡಿ, ಆದರೆ ಸರಿಯಾದುದನ್ನೇ ಕೊಡಿ ಅನ್ನುವವನು ನಾನು. ಅರುಷಾದವರನ್ನು ನೀವು ಕೇಳಬೇಕಾದ ಮೊದಲ ಪ್ರಶ್ನೆಯೂ ಇದೇ. ಜೋಡಿ ಔಷಧಿಯ ಪರದೆ ಇದೆಯಾ? ಆರ್ಡರ್ ಕೊಡುವ ದಿನ ಅದರ ಹೆಸರು, ಆ ಕಾರ್ಖಾನೆಯ ಸಮೇತ, ಪೂರ್ವ ಅರ್ಹತೆ ಪಟ್ಟಿಯಲ್ಲಿ ಇದೆಯಾ?

ಇಲ್ಲೊಂದು ಮಾತು ಸೇರಿಸಬೇಕು. ನೀವು ಕರಾವಳಿಯವರು, ಮಂಗಳೂರಿನ ಮಲೇರಿಯಾ ನೋಡಿದವರು. ಆ ಅನುಭವವನ್ನು ಮ್ಟ್ವಾರಾಕ್ಕೆ ಒಯ್ಯಬೇಡಿ. ಮಂಗಳೂರಿನದು ಬಹುಪಾಲು ವೈವಾಕ್ಸ್ ಜಾತಿಯ ಮಲೇರಿಯಾ. ಹರಡುವುದು ಕಟ್ಟಡ ಕೆಲಸದ ನೀರು, ತಾರಸಿಯ ಟ್ಯಾಂಕುಗಳಲ್ಲಿ ಹುಟ್ಟುವ ಸ್ಟೀಫನ್ಸೈ ಸೊಳ್ಳೆ. ಅಲ್ಲಿ ನೀರಿನ ತಾಣ ಮುಚ್ಚಿಸುವುದೇ ದೊಡ್ಡ ಕೆಲಸ. ತಾಂಜಾನಿಯಾದ ಹಳ್ಳಿಗಳಲ್ಲಿ ಇರುವುದು ಫಾಲ್ಸಿಪ್ಯಾರಂ, ಮಕ್ಕಳ ಜೀವ ತೆಗೆಯುವ ಜಾತಿ. ಅದನ್ನು ಹರಡುವ ಗ್ಯಾಂಬಿಯೆ, ಫ್ಯೂನೆಸ್ಟಸ್ ಸೊಳ್ಳೆಗಳು ಹೆಚ್ಚಾಗಿ ರಾತ್ರಿ ಮನೆಯೊಳಗೆ ಮಲಗಿದವರನ್ನು ಕಚ್ಚುತ್ತವೆ. ಅದಕ್ಕೇ ಅಲ್ಲಿ ಪರದೆಗೆ ಇಷ್ಟು ಬೆಲೆ.

ಕರೂರಿನ ದಾರಿ ಕೆಟ್ಟದ್ದೇನಲ್ಲ. ಅಲ್ಲಿನ ವಿಕೆಎ ಪಾಲಿಮರ್ಸ್, ಶೋಭಿಕಾ ಇಂಪೆಕ್ಸ್ ಜಗತ್ತಿನ ದೊಡ್ಡ ಪರದೆ ತಯಾರಕರ ಸಾಲಿನಲ್ಲಿವೆ. ಅಲ್ಲಿ ಮೊದಲಿನಿಂದ ನೇಯ್ಗೆಯ ಕಸುಬಿದೆ, ನುರಿತ ಕೆಲಸಗಾರರಿದ್ದಾರೆ, ಕಚ್ಚಾವಸ್ತು ಹತ್ತಿರದಲ್ಲೇ ಸಿಗುತ್ತದೆ. ಅಗ್ಗಕ್ಕೆ ಕಾರಣ ಇದೇ ಹೊರತು ಕಳಪೆತನವಲ್ಲ. ಅರುಷಾದ ಕಷ್ಟ ಬೇರೆ. ನೂಲಿನ ಕಚ್ಚಾವಸ್ತು, ಕೀಟನಾಶಕ, ಹೆಣೆಯುವ ಯಂತ್ರ, ಎಲ್ಲ ಹೊರಗಿನಿಂದ ಬರಬೇಕು. ಸಾಲದ ಬಡ್ಡಿ ಜಾಸ್ತಿ. 2000ದಲ್ಲಿ ನೈಜೀರಿಯಾದ ಅಬುಜಾದಲ್ಲಿ ಸೇರಿದ ಆಫ್ರಿಕಾದ ನಾಯಕರು ಪರದೆ ಮತ್ತು ಅದರ ಸಾಮಗ್ರಿಯ ಮೇಲಿನ ತೆರಿಗೆ ತೆಗೆಯುವ ಮಾತು ಕೊಟ್ಟರು. ಕೆಲವು ದೇಶಗಳಲ್ಲಿ ಹೊರಗಿನಿಂದ ಬಂದ ಸಿದ್ಧ ಪರದೆಗೆ ಸುಂಕವಿಲ್ಲ, ಅದೇ ಪರದೆ ಮಾಡುವ ನೂಲಿಗೆ ಸುಂಕ ಅನ್ನುವ ಸ್ಥಿತಿ ಆಯಿತು. ಇದು ಸ್ಥಳೀಯ ಕಾರ್ಖಾನೆಗೆ ಮಾಡಿದ ಅನ್ಯಾಯ ಅಂತಲೇ ನಾನು ಭಾವಿಸುತ್ತೇನೆ. ಇದರ ಮೇಲೆ, ಮಲೇರಿಯಾ ತಡೆಗೆ ದೇಶಗಳಿಗೆ ಹಣ ಕೊಡುವ ಗ್ಲೋಬಲ್ ಫಂಡ್‌ನಂಥ ದೊಡ್ಡ ಖರೀದಿದಾರರ ಟೆಂಡರುಗಳಲ್ಲಿ ಬೆಲೆಯ ತೂಕವೇ ಹೆಚ್ಚು. ದೇಶವ್ಯಾಪಿ ಹಂಚಿಕೆ ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ. ಒಂದು ವರ್ಷ ಹಗಲೂ ರಾತ್ರಿ ಕೆಲಸ, ಮರುವರ್ಷ ಯಂತ್ರ ನಿಂತಿರುತ್ತದೆ, ಜನ ಮನೆಗೆ. 2025ರಲ್ಲಿ ಅಮೆರಿಕದ ನೆರವು ದಿಢೀರನೆ ಕಡಿತವಾದಾಗ, ಬೇರೆಯವರ ಖಜಾನೆಯನ್ನೇ ನಂಬಿ ನಡೆಯುವ ಈ ವ್ಯವಸ್ಥೆ ಎಷ್ಟು ಬಡಕಲು ಅಂತ ಎಲ್ಲರಿಗೂ ಗೊತ್ತಾಯಿತು.

ನಿಮ್ಮ ಲೆಕ್ಕಕ್ಕೆ ಬರೋಣ. ಪರದೆಯ ಸಂಖ್ಯೆ ಹಿಡಿಯಲು ಎಲ್ಲೆಡೆ ಬಳಸುವ ಸೂತ್ರ 1.8 ಜನಕ್ಕೆ ಒಂದು. 5,400 ಜನಕ್ಕೆ 3,000 ಪರದೆ. ದೊಡ್ಡ ಕಂಟೇನರಿನಲ್ಲಿ ಹತ್ತಾರು ಸಾವಿರ ಪರದೆ ಹಿಡಿಸುತ್ತವೆ. 3,000ಕ್ಕೆ ಕರೂರಿನಿಂದ ತರಿಸಿದರೆ ಹಡಗಿನ ಬಾಡಿಗೆ, ಬಂದರಿನ ಶುಲ್ಕ, ಕೀಟನಾಶಕವಿರುವ ಸರಕಿಗೆ ಬೇಕಾದ ಅನುಮತಿ, ಇವೆಲ್ಲ ಪ್ರತಿ ಪರದೆಯ ಮೇಲೆ ಕೂತು ಅಗ್ಗದ ಲಾಭ ಕರಗಿಹೋಗುತ್ತದೆ. ಸಣ್ಣ ಸಂಘಗಳ ಸರಕು ಕಾಗದಪತ್ರ ಸರಿಯಿಲ್ಲದೆ ಬಂದರಿನಲ್ಲಿ ಬಿದ್ದುಕೊಂಡು, ಅಷ್ಟರಲ್ಲಿ ಮಳೆಗಾಲ ಕಳೆದುಹೋದದ್ದನ್ನು ಕಂಡಿದ್ದೇನೆ. ಅರುಷಾದಿಂದ ಮ್ಟ್ವಾರಾಕ್ಕೆ ಸಾವಿರ ಕಿಲೋಮೀಟರಿಗೂ ಜಾಸ್ತಿ ದಾರಿ, ಲಾರಿ ಬಾಡಿಗೆ ಕಡಿಮೆಯೇನಲ್ಲ. ಆದರೂ ಕಸ್ಟಮ್ಸ್ ಇಲ್ಲ. ಏನಾದರೂ ಹೆಚ್ಚುಕಡಿಮೆಯಾದರೆ ಫೋನ್ ಮಾಡಿ ಬದಲಿಸಿ ಕೊಡಿ ಅನ್ನಬಹುದು. ಹತ್ತಿರದ ಕಾರ್ಖಾನೆಯ ನಿಜವಾದ ಲಾಭ ಇದು. ಬೆಲೆಪಟ್ಟಿಯಲ್ಲಿ ಇದು ಕಾಣುವುದಿಲ್ಲ.

ನಿಮ್ಮ ಮನೆಯವರ ಆಸೆ ದೊಡ್ಡ ಮನಸ್ಸಿನದು. ಆದರೂ ಬೇಡ ಅನ್ನಲು ಕಾರಣವಿದೆ. ಹಳ್ಳಿಯಲ್ಲಿ ಹೊಲಿಯುವುದು ಔಷಧಿಯಿಲ್ಲದ ಬಟ್ಟೆಯ ಪರದೆ. ಅದಕ್ಕೆ ಒಂದು ತೂತು ಬಿದ್ದರೂ ಸೊಳ್ಳೆ ಒಳಗೆ. ಕೈಕಾಲು ತಾಗಿದರೆ ಹೊರಗಿನಿಂದಲೇ ಕಚ್ಚುತ್ತದೆ. ಔಷಧಿ ಪರದೆ ಹರಿದರೂ ತಾಗಿದ ಸೊಳ್ಳೆಯನ್ನು ಕೊಲ್ಲುತ್ತದೆ, ಅದರಿಂದ ಅಕ್ಕಪಕ್ಕದ ಮನೆಗೂ ಲಾಭ. ಮನೆಯಲ್ಲೇ ಔಷಧಿಯಲ್ಲಿ ಅದ್ದುವ ಪದ್ಧತಿ ಮೊದಲು ಇತ್ತು. ಆರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಅದ್ದಬೇಕಿತ್ತು, ಜನ ಅದ್ದಲಿಲ್ಲ. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೀರ್ಘಕಾಲದ ಪರದೆಯನ್ನೇ ಹಂಚಿ ಅಂತ ಹೇಳಿದ್ದಕ್ಕೆ ಇದೂ ಒಂದು ಕಾರಣ. ಕಾರ್ಖಾನೆಯಿಂದ ಔಷಧಿ ಬಟ್ಟೆಯ ಥಾನು ತಂದು ಹೊಲಿಸಿದರೂ ಅದು ಪರೀಕ್ಷೆಯಾದ ಪರದೆ ಅನ್ನಿಸಿಕೊಳ್ಳುವುದಿಲ್ಲ. ಹೊಲಿಗೆ ಬಿಟ್ಟರೆ ಹೊಣೆ ಯಾರದ್ದು?

ಆ ಹೆಂಗಸರಿಗೂ ಬಡಗಿಗಳಿಗೂ ನಾನು ಸೂಚಿಸುವ ಕೆಲಸ ಮನೆಗೆ ಜಾಲರಿ ಹಾಕುವುದು. ಕಿಟಕಿ, ಬಾಗಿಲು, ಗೋಡೆ ಮತ್ತು ಸೂರಿನ ನಡುವಿನ ಸಂದು, ಸೊಳ್ಳೆ ನುಗ್ಗುವುದು ಅಲ್ಲಿಂದಲೇ. ಗ್ಯಾಂಬಿಯಾದಲ್ಲಿ ಹೀಗೆ ಜಾಲರಿ ಹಾಕಿದ ಮನೆಗಳ ಮಕ್ಕಳಲ್ಲಿ ರಕ್ತಹೀನತೆ ಎದ್ದು ಕಾಣುವಷ್ಟು ಇಳಿದದ್ದು 2009ರ ಅಧ್ಯಯನದಲ್ಲಿ ಕಂಡಿದೆ. ಇದಕ್ಕೆ ಔಷಧಿ ಬೇಡ, ಅಳತೆ ತೆಗೆದು ಹೊಲಿಯುವ ಕೈ ಬೇಕು. ಕಷ್ಟವೂ ಇದೆ. ಒಂದು ಮನೆಗೆ ತಗಲುವ ಖರ್ಚು ಪರದೆಗಿಂತ ಎಷ್ಟೋ ಪಟ್ಟು, ವರ್ಷ ವರ್ಷ ದುರಸ್ತಿ ಬೇಕು. ಆದ್ದರಿಂದ ಮೊದಲು ಪರದೆ ಕೊಡಿ. ಹಣ ಉಳಿದರೆ ಶಾಲೆ, ಹೆರಿಗೆ ಕೋಣೆ, ಎಳೆ ಮಕ್ಕಳಿರುವ ಮನೆಗಳಿಂದ ಜಾಲರಿ ಶುರುಮಾಡಿ.

ಏನೇ ಕೊಳ್ಳುವ ಮೊದಲು ಜಿಲ್ಲಾ ಆರೋಗ್ಯ ಕಚೇರಿಗೆ ಹೋಗಿ, ಅಲ್ಲಿನ ಮಲೇರಿಯಾ ಅಧಿಕಾರಿಯನ್ನು ಕಾಣಿ. ತಾಂಜಾನಿಯಾದಲ್ಲಿ ಶಾಲಾ ಮಕ್ಕಳ ಮೂಲಕ ಪರದೆ ಹಂಚುವ ಕಾರ್ಯಕ್ರಮ 2013ರಲ್ಲಿ ಶುರುವಾದದ್ದೇ ನಿಮ್ಮ ದಕ್ಷಿಣ ಭಾಗದಲ್ಲಿ, ಲಿಂಡಿ, ಮ್ಟ್ವಾರಾ, ರುವುಮಾಗಳಲ್ಲಿ. ಗರ್ಭಿಣಿಯರಿಗೂ ಚುಚ್ಚುಮದ್ದಿಗೆ ಬರುವ ಕೂಸುಗಳಿಗೂ ಕ್ಲಿನಿಕ್‌ನಲ್ಲಿ ಕೊಡುವ ವ್ಯವಸ್ಥೆಯಿದೆ. ಆ ಹಳ್ಳಿಗಳಿಗೆ ಕಳೆದ ಸಲ ಯಾವ ಪರದೆ ಬಂತು, ಯಾವಾಗ ಬಂತು, ಎಷ್ಟು ಇನ್ನೂ ಕಟ್ಟುವ ಸ್ಥಿತಿಯಲ್ಲಿವೆ ಕೇಳಿ. ಪರದೆ ಮೂರು ವರ್ಷ ಬಾಳುತ್ತದೆ ಅನ್ನುವ ಲೆಕ್ಕ ಕಾಗದದ ಮೇಲಿನದು. ಮಣ್ಣಿನ ಗೋಡೆ, ಬಿದಿರಿನ ಮಂಚದ ಮನೆಗಳಲ್ಲಿ ಎರಡು ವರ್ಷ ದಾಟುವುದೇ ಕಷ್ಟ. ಪರದೆ ನಿಮ್ಮದಾದರೂ ಹಂಚುವುದು ಅವರ ಕೈಯಿಂದಲೇ ಆಗಲಿ. ನೀವು ಊರು ಬಿಟ್ಟ ಮೇಲೂ ಆ ಹಳ್ಳಿಗಳ ಲೆಕ್ಕ ಇಡುವವರು ಅವರೇ.

ಅರುಷಾದ ಕೆಲಸಗಾರರಿಗೆ ನೆರವಾಗಬೇಕು ಅನ್ನುವ ಆಸೆ ಇದ್ದರೆ, ಈ ಒಂದು ಆರ್ಡರಿನಿಂದ ಹೆಚ್ಚೇನೂ ಆಗದು. ಮ್ಟ್ವಾರಾ, ಲಿಂಡಿಯ ಇತರ ಗೇರು ವ್ಯಾಪಾರಿಗಳನ್ನೂ ಸೇರಿಸಿಕೊಳ್ಳಿ. ಪ್ರತಿ ವರ್ಷ ಇಂತಿಷ್ಟು ಪರದೆ ಅಂತ ಮೂರು ವರ್ಷದ ಒಪ್ಪಂದ ಮಾಡಿಕೊಳ್ಳಿ. ಯಾವ ತಿಂಗಳು ಎಷ್ಟು ಆರ್ಡರ್ ಬರುತ್ತದೆ ಅಂತ ಮೊದಲೇ ಗೊತ್ತಿರುವುದು ಕಾರ್ಖಾನೆಗೆ ಬಹಳ ದೊಡ್ಡ ವಿಷಯ. ನಿಮಗೂ ಬೆಲೆ ಇಳಿಯುತ್ತದೆ.

ನಿಮ್ಮಲ್ಲಿ ಮಳೆ ಡಿಸೆಂಬರಿನಿಂದ ಏಪ್ರಿಲ್. ಗೇರು ಹಂಗಾಮು ಅಕ್ಟೋಬರಿನಲ್ಲಿ ಶುರುವಾದರೆ ನಿಮಗೂ ಪುರುಸೊತ್ತಿಲ್ಲ, ಲಾರಿಗಳೂ ಸಿಗುವುದಿಲ್ಲ. ಆದ್ದರಿಂದ ಜೂನ್ ಒಳಗೆ ಆರ್ಡರ್ ಕೊಟ್ಟು, ಸೆಪ್ಟೆಂಬರಿನಲ್ಲಿ ಸರಕು ಗೋದಾಮಿಗೆ ಬರುವಂತೆ ನೋಡಿಕೊಳ್ಳಿ. ಹಂಚುವಾಗ ಹೊಸ ಪರದೆಯನ್ನು ಒಂದು ದಿನ ನೆರಳಲ್ಲಿ ಹರವಿ ಆಮೇಲೆ ಕಟ್ಟಲು ಹೇಳಿ. ಇಲ್ಲದಿದ್ದರೆ ಮುಖ ಉರಿಯುತ್ತದೆ ಅಂತ ಮೊದಲ ರಾತ್ರಿಯೇ ಬಿಚ್ಚಿಡುತ್ತಾರೆ. ಒಗೆಯಲು ಸಾದಾ ಸೋಪು ಸಾಕು, ಬ್ಲೀಚ್ ಬೇಡ, ಬಿಸಿಲಿಗೆ ಹಾಕುವುದೂ ಬೇಡ. ಹಂಚಿ ಒಂದು ತಿಂಗಳಾದ ಮೇಲೆ ಸಂಜೆ ಹೊತ್ತು ಕೆಲವು ಮನೆಗಳಿಗೆ ಹೋಗಿ ಎಷ್ಟು ಪರದೆ ಕಟ್ಟಿದ್ದಾರೆ ನೋಡಿ ಬನ್ನಿ. ಕಟ್ಟದವರ ಮನೆಯಲ್ಲಿ ಹೆಚ್ಚಿನ ಸಲ ಹಗ್ಗವೋ ಮೊಳೆಯೋ ಇರುವುದಿಲ್ಲ. ಹೋಗುವಾಗ ಅವೆರಡನ್ನೂ ಜೊತೆಗೇ ಒಯ್ಯಿರಿ.